ಮನೆಮಂದಿಯೆಲ್ಲ ಜಪಾನಿ ಊಟಕ್ಕೆ ಹೊರಟರೆ

ಮೈಸೂರಿನ ಹೋಟೆಲ್ ಮೆನುಗಳಲ್ಲೂ ಈಗ ಸುಶಿ (ಹುಳಿ ಬೆರೆಸಿದ ಅನ್ನದ ಜೊತೆ ಮೀನು ಅಥವಾ ತರಕಾರಿ), ರಾಮೆನ್ (ಸಾರಿನಲ್ಲಿ ನೂಡಲ್ಸ್) ಕಾಣಿಸುತ್ತಿವೆ. ಮಕ್ಕಳು ಹೋಗೋಣ ಅಂತ ಹಟ ಹಿಡಿದಿರುತ್ತಾರೆ. ಅಜ್ಜಿ ‘ಹಸಿ ಮೀನು ಯಾರಿಗೆ ಬೇಕಪ್ಪಾ’ ಅಂತ ಮುಖ ಸಿಂಡರಿಸಿರುತ್ತಾರೆ. ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸುವುದು ಕಷ್ಟವೇನಲ್ಲ.

ಹೊರಡುವ ಮುಂಚೆ ಒಂದು ಫೋನ್ ಮಾಡಿ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ‘ವೆಜ್ ಸಿಗುತ್ತಾ’ ಅಂತ ಕೇಳಿದರೆ ಸಾಲದು. ‘ದಾಶಿ ಯಾವುದರಲ್ಲಿ ಮಾಡ್ತೀರಿ’ ಅಂತ ಕೇಳಬೇಕು. ನಮ್ಮ ಸಾರಿಗೆ ಬೇಳೆ ಕಟ್ಟು ಹೇಗೋ, ಜಪಾನಿ ಅಡುಗೆಗೆ ದಾಶಿ ಹಾಗೆ. ಸಾಮಾನ್ಯವಾಗಿ ಅದನ್ನು ಕೊಂಬು ಎಂಬ ಕಡಲಕಳೆ ಮತ್ತು ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ತೆಳು ಚೂರು ಹಾಕಿ ತೆಗೆಯುತ್ತಾರೆ. ಆಮೇಲೆ ಸೋಸಿಬಿಡುತ್ತಾರೆ. ಹಾಗಾಗಿ ಬಟ್ಟಲಲ್ಲಿ ಬರೀ ತೋಫು, ಈರುಳ್ಳಿ ಸೊಪ್ಪು ತೇಲುತ್ತಿದ್ದರೂ ಮಿಸೊ ಸೂಪ್ (ಹುದುಗಿಸಿದ ಸೋಯಾ ಪೇಸ್ಟ್ ಕದಡಿದ ಸಾರು) ಸಸ್ಯಾಹಾರ ಅಂತ ನಂಬುವ ಹಾಗಿಲ್ಲ. ಉದೋನ್ ಎಂಬ ದಪ್ಪ ನೂಡಲ್ಸಿನ ಸಾರು, ನಮ್ಮ ಬಜ್ಜಿಯಂತೆ ಹಿಟ್ಟಲ್ಲಿ ಅದ್ದಿ ಕರಿದ ಟೆಂಪುರಾ ಜೊತೆ ಕೊಡುವ ಸಾಸ್ ಕೂಡ ಅಷ್ಟೇ. ಬರೀ ಕೊಂಬು ಅಥವಾ ಒಣ ಶಿಟಾಕೆ ಅಣಬೆಯ ದಾಶಿಯೂ ಉಂಟು. ಜಪಾನಿನ ಬೌದ್ಧ ಮಠಗಳ ಅಡುಗೆಗೆ ಅದೇ ಬಳಸುತ್ತಾರೆ. ಹೋಟೆಲಿನವರಿಗೆ ಈ ಪ್ರಶ್ನೆಯೇ ಅರ್ಥವಾಗದಿದ್ದರೆ ಸೂಪ್ ಬಿಟ್ಟುಬಿಡಿ.

ಹಾಗಾದರೆ ಏನು ತರಿಸೋದು? ಮೊದಲು ಎಡಮಾಮೆ. ಎಳೆ ಸೋಯಾ ಕಾಯಿಯನ್ನು ಸಿಪ್ಪೆ ಸಮೇತ ಬೇಯಿಸಿ ಉಪ್ಪು ಉದುರಿಸಿರುತ್ತಾರೆ. ಕಾಯಿ ಒತ್ತಿ ಕಾಳನ್ನಷ್ಟೇ ಬಾಯಿಗೆ ಹಾಕಿಕೊಳ್ಳಿ. ಸೌತೆಕಾಯಿ ಸುಶಿ ರೋಲ್ ಎಲ್ಲರಿಗೂ ಆಗುತ್ತದೆ. ತರಕಾರಿ ಟೆಂಪುರಾ ಕೂಡ ಚೆನ್ನ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ಸೀಗಡಿ ಕರಿದ ಎಣ್ಣೆಯಲ್ಲೇ ಕರಿಯುವುದೂ ಉಂಟು. ಕೇಳಿಬಿಡಿ. ಮಂಡ್ಯ ಕಡೆಯ ನೆಂಟರು ಹಸಿದು ಬಂದಿದ್ದರೆ ಸುಶಿ ನೆಚ್ಚಿಕೊಳ್ಳಬೇಡಿ, ಚಿಕನ್ ಕಟ್ಸು ಕರಿ ಹೇಳಿ. ಗರಿಗರಿಯಾಗಿ ಕರಿದ ಕೋಳಿ, ಗಟ್ಟಿ ಗೊಜ್ಜು, ತಟ್ಟೆ ತುಂಬ ಅನ್ನ. ಖಾರ ಮಾತ್ರ ಕಮ್ಮಿ. ತಲೆಗೊಂದು ಪ್ಲೇಟ್ ಬೇಡ, ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಳ್ಳಿ.

ಗರ್ಭಿಣಿಯರು, ಚಿಕ್ಕ ಮಕ್ಕಳಿಗೆ ಹಸಿ ಮೀನು ಬೇಡ. ಬೇಯಿಸಿದ್ದು ಬೇಕಾದಷ್ಟಿರುತ್ತದೆ.

ಸುಶಿಯನ್ನು ಕೈಯಲ್ಲೇ ತಿನ್ನಬಹುದು, ಜಪಾನಿನಲ್ಲೂ ತಿನ್ನುತ್ತಾರೆ. ಅನ್ನದ ಮೇಲೆ ಮೀನು ಕೂರಿಸಿದ ನಿಗಿರಿಯಾದರೆ ಮೀನಿನ ಬದಿಯನ್ನು ಸೋಯಾ ಸಾಸಿಗೆ ಮುಟ್ಟಿಸಿ. ಅನ್ನ ಅದ್ದಿದರೆ ಉದುರುತ್ತದೆ, ಉಪ್ಪೂ ಜಾಸ್ತಿ. ತಟ್ಟೆಯ ಮೂಲೆಯಲ್ಲಿ ಕಡಲೆಕಾಳಿನಷ್ಟು ಹಸಿರು ಉಂಡೆ ಇರುತ್ತದಲ್ಲ, ಅದು ಚಟ್ನಿಯಲ್ಲ, ವಸಾಬಿ. ಮಕ್ಕಳ ಕೈಗೆ ಸಿಗದಂತೆ ಮೊದಲೇ ಎತ್ತಿಡಿ. ಮೆಣಸಿನಕಾಯಿ ಹಾಗೆ ನಾಲಿಗೆ ಸುಡುವುದಿಲ್ಲ, ನೇರ ಮೂಗಿಗೆ ಹೊಡೆಯುತ್ತದೆ. ಕಣ್ಣಲ್ಲಿ ನೀರು ಬಂದರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಸುಮ್ನೆ ಇದ್ದರೆ ತಾನೇ ಇಳಿಯುತ್ತದೆ. ಪಕ್ಕದ ಶುಂಠಿ ಉಪ್ಪಿನಕಾಯಿ ಒಂದು ಸುಶಿಗೂ ಇನ್ನೊಂದಕ್ಕೂ ನಡುವೆ ಬಾಯಿ ತೊಳೆದಂತಾಗಲಿ ಅಂತ ಕೊಟ್ಟಿರುವುದು.

ಊಟದ ಕಡ್ಡಿ (ಚಾಪ್‌ಸ್ಟಿಕ್) ಹಿಡಿಯಲು ಬಾರದಿದ್ದರೆ ಚಮಚ ಕೇಳಿ, ನಾಚಿಕೆ ಏನು ಬಂತು? ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡುವುದು ಮಾತ್ರ ಬೇಡ. ಜಪಾನಿನಲ್ಲಿ ಸತ್ತವರ ಮುಂದೆ ಅನ್ನ ಇಡುವುದು ಹಾಗೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸುವುದೂ ಬೇಡ, ಚಿತೆಯ ಮೂಳೆ ಆರಿಸುವ ಕ್ರಮ ಅದು. ನೂಡಲ್ಸನ್ನು ಸೊರ್ ಅಂತ ಎಳೆದುಕೊಂಡು ತಿಂದರೆ ಯಾರೂ ಬೈಯುವುದಿಲ್ಲ. ಮಕ್ಕಳಿಗೆ ಇದನ್ನು ಬೇಗ ಹೇಳಿ.

ಉಳಿದದ್ದನ್ನು ಪಾರ್ಸೆಲ್ ಮಾಡಿಸುವಾಗ ಕಟ್ಸು, ಕರಿ ಕಟ್ಟಿಸಿಕೊಳ್ಳಿ. ಹಸಿ ಮೀನಿನ ಸುಶಿ ಮಾತ್ರ ಮನೆಗೆ ತರಬೇಡಿ. ಅದನ್ನು ಅಲ್ಲೇ ಮುಗಿಸುವಷ್ಟೇ ಹೇಳಿ.