ಕಸೂತಿ ಮಾರುವವರಿಗೆ ವಾಟ್ಸಾಪ್ ಬಿಸಿನೆಸ್ ಕುರಿತು ಒಂದು ಸಲಹೆ

ಧಾರವಾಡದ ಮನೆಗಳಲ್ಲಿ ಕುಳಿತು ಇಳಕಲ್ ಸೀರೆ, ಕುಪ್ಪಸಗಳ ಮೇಲೆ ಕಸೂತಿ ಹಾಕಿ ಮಾರುತ್ತಿರುವ ನಮ್ಮ ಗುಂಪಿನ ಅಕ್ಕ-ತಂಗಿಯರು ಮೊದಲು ತಮ್ಮ ಮಾರಾಟದ ಸಂಖ್ಯೆಯನ್ನು ವಾಟ್ಸಾಪ್ ಬಿಸಿನೆಸ್‌ಗೆ ಬದಲಾಯಿಸಿಕೊಳ್ಳಬೇಕೆಂದು ಕೋರುತ್ತೇನೆ. ವ್ಯಾಪಾರಿಗಳಿಗೆಂದೇ ಇರುವ ಆ ಆ್ಯಪ್ ಉಚಿತ. ಅದರ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಚಿತ್ರ, ಬೆಲೆ, ವಿವರ ಸೇರಿಸಿಡಬಹುದಾದ್ದರಿಂದ, ಕೇಳಿದವರಿಗೆಲ್ಲ ಮತ್ತೆ ಮತ್ತೆ ಫೋಟೊ ಕಳುಹಿಸುವ ಕೆಲಸ ತಪ್ಪುತ್ತದೆ.

ಫೋಟೊದ ವಿಷಯದಲ್ಲಿ ಮಾತ್ರ ಅವಸರ ಬೇಡ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಸೀರೆಯನ್ನು ಹಾಸಿ, ಸೆರಗಿನ ಪೂರ್ಣ ಚಿತ್ರ ಒಂದು, ಕಸೂತಿಯಲ್ಲಿ ಹಾಕಿದ ಗೋಪುರವನ್ನೋ ತೇರನ್ನೋ ಹತ್ತಿರದಿಂದ ಹಿಡಿದ ಚಿತ್ರ ಇನ್ನೊಂದು, ಹಾಗೆಯೇ ಬಟ್ಟೆಯ ಹಿಂಬದಿಯ ಚಿತ್ರವೂ ಒಂದು ಇರಲಿ. ಕಸೂತಿಯ ಗವಂತಿ (ನೇರ ಗೆರೆಯ) ಮತ್ತು ಮುರ್ಗಿ (ಮೆಟ್ಟಿಲಿನಂತೆ ಅಂಕುಡೊಂಕಾದ) ಹೊಲಿಗೆಗಳು ಗಂಟಿಲ್ಲದೆ ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಯಂತ್ರದ ಕೆಲಸದ ಹಿಂಬದಿ ಹಾಗಿರುವುದಿಲ್ಲ. ಇಷ್ಟು ಬೆಲೆ ಏಕೆ ಎಂದು ಕೇಳುತ್ತಿದ್ದ ಗಿರಾಕಿಗಳು, ನಾನು ಹಿಂಬದಿಯ ಚಿತ್ರ ಹಾಕತೊಡಗಿದ ಮೇಲೆ ಚೌಕಾಸಿ ಕಡಿಮೆ ಮಾಡಿದ್ದಾರೆ. ಎಷ್ಟು ದಿನದ ಕೆಲಸ ಎಂಬುದನ್ನೂ ವಿವರದಲ್ಲಿ ಬರೆಯಿರಿ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ (ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಲೇ ಕಳುಹಿಸುವ ಪಟ್ಟಿ) 256 ಜನರನ್ನು ಸೇರಿಸಬಹುದಾದರೂ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದು ತಿಳಿಯದೆ ಕಳೆದ ದೀಪಾವಳಿಯಲ್ಲಿ ನಾನು ಕಳುಹಿಸಿದ ಹೊಸ ಸೀರೆಗಳ ಚಿತ್ರ ಬಹಳಷ್ಟು ಜನರಿಗೆ ಮುಟ್ಟಲೇ ಇಲ್ಲ. ಆದ್ದರಿಂದ ಸೀರೆ ಕೊಡುವಾಗಲೇ ಸಂಖ್ಯೆ ಸೇವ್ ಮಾಡಿಕೊಳ್ಳುವಂತೆ ಹೇಳಿ. ಇನ್ನು, ಹಣ ಕಳುಹಿಸಿದ್ದೇವೆಂಬ ಸ್ಕ್ರೀನ್‌ಶಾಟನ್ನೇ ನಂಬದೆ, ನಿಮ್ಮ ಬ್ಯಾಂಕ್ ಖಾತೆಗೆ ಜಮೆಯಾಗಿದೆಯೇ ಎಂದು ನೋಡಿಯೇ ಸೀರೆಯನ್ನು ಕೊರಿಯರ್‌ಗೆ ಕೊಡಿ.