ನಂದಿಯ ಏರಿಗೆ 34 ಹಲ್ಲು: ರೋಡ್ ಬೈಕ್‌ಗೆ ಎಂಟಿಬಿ ಡಿರೈಲರ್ ಹಾಕಿದ ನನ್ನ ಅನುಭವ

ರೋಡ್ ಬೈಕ್‌ಗೆ, ಅಂದರೆ ರಸ್ತೆಯ ಸೈಕಲ್‌ಗೆ, ಎಂಟಿಬಿ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್) ಡಿರೈಲರ್ ಹಾಕುತ್ತೇನೆ ಎಂದಾಗ ಹೌದೆಂದವರು ಯಾರೂ ಇಲ್ಲ. ಡಿರೈಲರ್ ಎಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸಿ ಗೇರ್ ಬದಲಿಸುವ ಭಾಗ. ‘ಗೇರ್ ಕೂರುವುದಿಲ್ಲ, ದುಡ್ಡು ದಂಡ’ ಎಂದರು ಜೊತೆಯ ಸವಾರರು. ಮೆಕ್ಯಾನಿಕ್ ಇಡೀ ಗ್ರೂಪ್‌ಸೆಟ್ಟನ್ನೇ (ಗೇರ್, ಬ್ರೇಕ್ ಭಾಗಗಳ ಪೂರ್ತಿ ಸೆಟ್) ಬದಲಿಸಬೇಕೆಂದು ನಲವತ್ತು ಸಾವಿರದ ಮೇಲಿನ ಲೆಕ್ಕ ಹೇಳಿದ. ಈಗ ಒಂದು ಮಳೆಗಾಲ ಕಳೆದಿದೆ. ಗೇರ್ ಒಮ್ಮೆಯೂ ಕೈಕೊಟ್ಟಿಲ್ಲ.

ನನ್ನದು ಶಿಮಾನೊ ಕಂಪನಿಯ ಹಳೆಯ ಒಂಬತ್ತು ಸ್ಪೀಡಿನ (ಹಿಂದೆ ಒಂಬತ್ತು ಗೇರಿನ) ಸೋರಾ ಗ್ರೂಪ್‌ಸೆಟ್. ಮುಂದಿನ ಎರಡು ಹಲ್ಲುಚಕ್ರಗಳಿಗೆ 50 ಮತ್ತು 34 ಹಲ್ಲು, ಹಿಂದಿನ ಸ್ಪ್ರಾಕೆಟ್‌ಗಳಿಗೆ (ಹಿಂದಿನ ಹಲ್ಲುಚಕ್ರಗಳು) 11ರಿಂದ 28. ನಂದಿಯ ದಾರಿಯ ಕಾರಹಳ್ಳಿ ಕ್ರಾಸ್‌ವರೆಗೆ ಯಾವ ತಕರಾರೂ ಇರಲಿಲ್ಲ. ನಂದಿಬೆಟ್ಟದ ಮೇಲಿನ ತಿರುವುಗಳಲ್ಲಿ ಮಾತ್ರ ವೇಗ ಗಂಟೆಗೆ ಒಂಬತ್ತು ಕಿ.ಮೀ.ಗೆ ಇಳಿಯುತ್ತಿತ್ತು. ಆ ವೇಗದಲ್ಲಿ ಮುಂದಿನ 34ಕ್ಕೆ ಹಿಂದಿನ 28 ಎಂದರೆ ಪೆಡಲ್ ನಿಮಿಷಕ್ಕೆ ಅರವತ್ತು ಸುತ್ತೂ ತಿರುಗುವುದಿಲ್ಲ, ಭಾರವೆಲ್ಲ ಮಂಡಿಗೆ. 34ಕ್ಕೆ 34 ಆದರೆ ಎಪ್ಪತ್ತು ದಾಟುತ್ತದೆ. ನನಗೆ ಬೇಕಿದ್ದದ್ದು ಆ ಹತ್ತು ಸುತ್ತು, ಅಷ್ಟೇ.

ಮೊದಲು ಹಳೆಯ ಡಿರೈಲರನ್ನೇ ಉಳಿಸಿಕೊಂಡು 11-32 ಕ್ಯಾಸೆಟ್ (ಹಿಂದಿನ ಸ್ಪ್ರಾಕೆಟ್‌ಗಳ ಗೊಂಚಲು) ಹಾಕಿ ನೋಡಿದೆ. ಡಿರೈಲರ್ ಮತ್ತು ಸ್ಪ್ರಾಕೆಟ್ ನಡುವಿನ ಅಂತರ ಹೊಂದಿಸುವ ಬಿ-ಸ್ಕ್ರೂ ಪೂರ್ತಿ ಬಿಗಿದರೂ ಡಿರೈಲರ್‌ನ ಮೇಲಿನ ಪುಲ್ಲಿ (ಚೈನ್ ಹಾಯುವ ಪುಟ್ಟ ಚಕ್ರ) ದೊಡ್ಡ ಸ್ಪ್ರಾಕೆಟ್ಟಿಗೆ ತಾಗಿ ಗರಗರ ಎನ್ನುತ್ತಿತ್ತು. ಆಮೇಲೆ ಹ್ಯಾಂಗರ್ (ಡಿರೈಲರನ್ನು ಫ್ರೇಮಿಗೆ ತಗುಲಿಸುವ ಜಾಗ) ಕೆಳಗಿಳಿಸುವ ಕೊಂಡಿಯೊಂದನ್ನು ಆರೇಳು ನೂರು ಕೊಟ್ಟು ತರಿಸಿದೆ. ಗರಗರ ನಿಂತಿತು, ಆದರೆ ಚಿಕ್ಕ ಸ್ಪ್ರಾಕೆಟ್‌ಗಳಲ್ಲಿ ಗೇರ್ ಬೀಳಲು ಮೀನಮೇಷ ಎಣಿಸತೊಡಗಿತು. ಆ ಕೊಂಡಿ ಈಗ ಡ್ರಾಯರ್‌ನಲ್ಲಿದೆ, ಬೇಕಾದವರು ಒಯ್ಯಬಹುದು.

ಕೊನೆಗೆ ಒಂಬತ್ತು ಸ್ಪೀಡಿನ ಅಲಿವಿಯೊ ಲಾಂಗ್ ಕೇಜ್ (ಉದ್ದ ತೋಳಿನ) ಡಿರೈಲರ್ ತಂದೆ, ಅದು ಶಿಮಾನೊದ್ದೇ ಎಂಟಿಬಿ ಭಾಗ. ಕೇಬಲ್ ಎಳೆತ ಹಳೆಯ ಸೋರಾ ಶಿಫ್ಟರಿಗೂ (ಗೇರ್ ಬದಲಿಸುವ ಹಿಡಿ) ಅದಕ್ಕೂ ಒಂದೇ, ಹಾಗಾಗಿ ಗೇರ್ ಸರಿಯಾಗಿ ಕೂರುತ್ತದೆ. ಡಿರೈಲರ್‌ಗೆ ಎರಡು ಸಾವಿರದ ಆಸುಪಾಸು, 11-34 ಕ್ಯಾಸೆಟ್‌ಗೆ ಸುಮಾರು ಸಾವಿರದ ಎಂಟುನೂರು, ಹೊಸ ಚೈನು, ಕೇಬಲ್ಲು ಸೇರಿ ಐದು ಸಾವಿರದ ಚಿಲ್ಲರೆ. ಚೈನನ್ನು ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಸ್ಪ್ರಾಕೆಟ್ಟಿಗೂ ಸುತ್ತಿ ಒಂದಿಂಚು ಹೆಚ್ಚು ಬಿಟ್ಟೆ. 34ರ ಹಲ್ಲಿಗೂ ಪುಲ್ಲಿಗೂ ನಡುವೆ ಐದು ಮಿ.ಮೀ. ಅಲೆನ್ ಕೀ ಸಲೀಸಾಗಿ ಹೋಗುವಷ್ಟು ಜಾಗ ಇಟ್ಟೆ. ಕೇಬಲ್ ಬಿಗಿಯುವ ಮುನ್ನ ನಾನು ಮಾಡುವ ಇನ್ನೊಂದು ಕೆಲಸವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬೈಕ್ ತಂದರೆ ಮಾಡಿ ತೋರಿಸುತ್ತೇನೆ.

ಇದರ ಮಧ್ಯೆ ಚೈನಿಗೆ ಪ್ಯಾರಾಫಿನ್ ಮೇಣವನ್ನೂ ಹಿಡಿಸಿದ್ದೆ. ಹಳೆಯ ಸ್ಟೀಲ್ ಪಾತ್ರೆಯಲ್ಲಿ ಮೇಣ ಕರಗಿಸಿ ಚೈನನ್ನು ಅದ್ದಿ ತೆಗೆದೆ. ಬೇಸಿಗೆಯಲ್ಲಿ ಅದಕ್ಕೆ ಸಾಟಿಯಿಲ್ಲ: ದೇವನಹಳ್ಳಿ ಕಡೆಯ ಧೂಳು ಅಂಟಲೇ ಇಲ್ಲ, ಚೈನ್ ಮುಟ್ಟಿದರೆ ಕೈ ಕಪ್ಪಾಗಲಿಲ್ಲ. ಒಂದೇ ಜಡಿಮಳೆಗೆ ಕೀಚಲು ಸದ್ದು ಶುರುವಾಯಿತು. ಮಳೆಗಾಲಕ್ಕೆ ಎಣ್ಣೆಯೇ ಸರಿ.

11-34ರಲ್ಲಿ 17ರಿಂದ ನೇರ 20ಕ್ಕೆ ಜಿಗಿತ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಎದುರುಗಾಳಿ ಬೀಸಿದಾಗ ನಡುವೆ ಒಂದು ಗೇರ್ ಬೇಕಿತ್ತು ಅನ್ನಿಸುತ್ತದೆ. ಏರಿನಲ್ಲಿ ಸಿಗುವ ಸುಖಕ್ಕೆ ಅಷ್ಟನ್ನು ಬಿಟ್ಟುಕೊಡಬಹುದು. ತಿಂಡಿಗೆ ನಿಂತಾಗ ನನ್ನ ಬೈಕ್ ನೋಡಿ ನಕ್ಕಿದ್ದವರಲ್ಲಿ ಇಬ್ಬರು ಇದೇ ಜೋಡಣೆ ಮಾಡಿಸಿಕೊಂಡಿದ್ದಾರೆ, ಅದೂ ನನ್ನ ಕೈಯಲ್ಲೇ.

ಶಿಮಾನೊದ ಇನ್ನೊಂದು ರೋಡ್ ಗ್ರೂಪ್‌ಸೆಟ್ ಟಿಯಾಗ್ರಾ 4700 ಇರುವವರು ಮಾತ್ರ ಇದಕ್ಕೆ ಕೈಹಾಕಬೇಡಿ. ಅದರ ಶಿಫ್ಟರ್ ಎಳೆತ ಬೇರೆ. ಅದಕ್ಕೆ ಅದರದೇ ಜಿಎಸ್ (ಮಧ್ಯಮ ಕೇಜಿನ) ಡಿರೈಲರ್ ತನ್ನಿ, 34 ಹಲ್ಲನ್ನು ಅದು ನಿಭಾಯಿಸುತ್ತದೆ.