ಬಸ್ಟರ್ ಕೀಟನ್: ಎಲ್ಲಿಂದ ಶುರು ಮಾಡಬೇಕು, ಏನು ಗಮನಿಸಬೇಕು

ಕೀಟನ್ ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ, ನಿರ್ದೇಶಕ. ಮೊದಲು ಅವರ 1920ರ ‘ಒನ್ ವೀಕ್’ ನೋಡಿ. ಎರಡೇ ರೀಲಿನ, ಅಂದರೆ ಸುಮಾರು ಇಪ್ಪತ್ತು ನಿಮಿಷದ ಚಿತ್ರ. ಆಮೇಲೆ ‘ಷರ್ಲಾಕ್ ಜೂನಿಯರ್’ (1924). ಅದರಲ್ಲಿ ರೈಲ್ವೆ ಟ್ಯಾಂಕಿನ ನೀರು ರಭಸದಿಂದ ಸುರಿದು ಕೀಟನ್ ಹಳಿಯ ಮೇಲೆ ಬೀಳುತ್ತಾರೆ. ಕತ್ತಿನ ಮೂಳೆ ಮುರಿದದ್ದು ಆಗಲೇ. ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ (1928) ಮನೆಯ ಮುಂಗೋಡೆ ಕೀಟನ್ ಮೇಲೆ ಉರುಳುವಾಗ ಅವರ ಮುಖ ಬಿಟ್ಟು ಕಾಲು ನೋಡಿ, ಒಂದಿಂಚೂ ಕದಲುವುದಿಲ್ಲ. ಗೋಡೆ ನಿಜವಾದದ್ದು, ಅವರು ಉಳಿಯುವುದು ತೆರೆದ ಕಿಟಕಿಯ ಕಂಡಿ ಅವರ ಸುತ್ತ ಬೀಳುವುದರಿಂದ; ಆ ಕಂಡಿ ಮೈಗಿಂತ ಸ್ವಲ್ಪವೇ ದೊಡ್ಡದು.

ನಡಿಗೆ ಕುಪ್ಪಳಿಸಿದಂತೆ ಕಂಡರೆ ತಪ್ಪು ನೀವು ನೋಡುತ್ತಿರುವ ಪ್ರತಿಯದು: ಕಡಿಮೆ ಫ್ರೇಮಿನಲ್ಲಿ ತೆಗೆದದ್ದನ್ನು ಸೆಕೆಂಡಿಗೆ 24ರಂತೆ ಓಡಿಸಿರುತ್ತಾರೆ. ಪ್ಲೇಯರ್‌ನ ವೇಗ 0.75ಕ್ಕೆ ಇಳಿಸಿ, ಸಂಗೀತ ಮ್ಯೂಟ್ ಮಾಡಿ. ಬೆನ್ನಟ್ಟುವ ದೃಶ್ಯಗಳನ್ನು ಮಾತ್ರ ಹಾಗೇ ಬಿಡಿ; ಅಲ್ಲಿನ ವೇಗ ಬೇಕೆಂದೇ ಇಟ್ಟದ್ದು. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ಸೇರಿದ ನಂತರದ ಟಾಕಿಗಳನ್ನು (ಮಾತಿನ ಚಿತ್ರಗಳನ್ನು) ಕೊನೆಗಿಡಿ, ಅಲ್ಲಿ ಹಿಡಿತ ಸ್ಟುಡಿಯೋದ್ದು.